ನಾಲ್ಕನೇ ಗ್ಲಾಸಿನಲ್ಲಿ ಗೋಣಿಚೀಲ

ತಾಲ್ಲೂಕು ವರದಿಗಾರನಿಗೆ ಕಣ್ಣು, ಕಿವಿ ಇದ್ದರೆ ಸಾಕು, ರುಚಿ ನೋಡುವ ನಾಲಿಗೆ ಬೇಡ ಎಂದು ನಾನು ಬಹಳ ವರ್ಷ ನಂಬಿದ್ದೆ. ಇಪ್ಪತ್ತಾರು ವರ್ಷಗಳಿಂದ ನಂಜನಗೂಡಿನಿಂದ ಸುದ್ದಿ ಕಳಿಸುತ್ತಿದ್ದೇನೆ. ಈವರೆಗೆ ತಿಂದ ಪತ್ರಿಕಾಗೋಷ್ಠಿಗಳ ಉಪ್ಪಿಟ್ಟನ್ನು ಒಂದೆಡೆ ಸುರಿದರೆ ಕಪಿಲಾ ನದಿಗೆ ಸಣ್ಣದೊಂದು ಒಡ್ಡು ಕಟ್ಟಬಹುದು. ಆಡಳಿತ ಪಕ್ಷದ ಉಪ್ಪಿಟ್ಟು, ವಿರೋಧ ಪಕ್ಷದ ಉಪ್ಪಿಟ್ಟು, ಎರಡನ್ನೂ ಬಿಟ್ಟು ಬಂದವರ ಉಪ್ಪಿಟ್ಟು. ರುಚಿಯಲ್ಲಿ ವ್ಯತ್ಯಾಸ ಕಂಡಿಲ್ಲ, ಕಂಡಿದ್ದರೂ ಬರೆದಿಲ್ಲ. ಯಾರು ಹೇಳಿದರು, ಏನು ಹೇಳಿದರು, ವೇದಿಕೆಯ ಮೇಲೆ ಯಾರ್ಯಾರು ಕೂತಿದ್ದರು, ಇಷ್ಟು ಬರೆದರೆ ನಮ್ಮ ಕೆಲಸ ಮುಗಿಯಿತು. ಈ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಗೆ ಟಿ. ನರಸೀಪುರದ ಹೊಳೆದಂಡೆಯಲ್ಲಿ ಒಂದು ಶನಿವಾರ ಸಂಜೆ ಏನಾಯಿತು ಎಂಬುದನ್ನು ಹೇಳಬೇಕಾಗಿದೆ. ಹೇಳದಿದ್ದರೂ ನಡೆಯುತ್ತಿತ್ತು, ಓದುಗರು ಯಾರೂ ಕೇಳಿಲ್ಲ. ಕೇಳಿದವರು ಒಬ್ಬರೇ, ಅವರಿಗೆ ನಾನು ಹೇಳಲಿಲ್ಲ.

ನರಸೀಪುರದ ನಮ್ಮ ವರದಿಗಾರ ಮಗಳ ಸೀಮಂತಕ್ಕೆಂದು ರಜೆ ಹಾಕಿದ್ದ. ಜಿಲ್ಲಾ ಡೆಸ್ಕ್‌ನಿಂದ ನನಗೆ ಫೋನ್ ಬಂತು. ಅಲ್ಲಿಯ ಹೊಳೆ ಪಕ್ಕದ ರೆಸಾರ್ಟ್‌ನಲ್ಲಿ ಒಂದು ಭೋಜನ ಕಾರ್ಯಕ್ರಮವಿದೆ, ಇಟಲಿಯಿಂದ ವೈನ್ ಮಾಡುವವನೊಬ್ಬ ಬಂದಿದ್ದಾನೆ, ಅತಿಥಿಗಳು ಅವನ ಜೊತೆ ಕೂತು ಅವನದೇ ಕೆಂಪು ವೈನ್ ರುಚಿ ನೋಡುತ್ತಾರೆ, ಒಂದು ಫೋಟೊ, ಎಂಟು ಸಾಲು ಸಾಕು ಎಂದರು. ವೈನ್ ಮಾಡುವವನು ಅಂದರೆ ಏನು ಕೆಲಸ ಎಂದು ಕೇಳಿದೆ. ಸ್ವಂತ ತೋಟ, ದ್ರಾಕ್ಷಿ ಬೆಳೀತಾನೆ, ಹಿಂಡ್ತಾನೆ, ಪೀಪಾಯಿಗೆ ತುಂಬ್ತಾನೆ ಎಂದರು. ಅಂದರೆ ರೈತ. ಹಣ ಕೊಟ್ಟು ಟಿಕೆಟ್ ಪಡೆದು ಒಬ್ಬ ರೈತನ ಜೊತೆ ಊಟಕ್ಕೆ ಕೂರುವ ಜನರು ನಮ್ಮ ಎರಡು ತಾಲ್ಲೂಕಿನ ಇತಿಹಾಸದಲ್ಲಿ ಇದೇ ಮೊದಲು. ಇಲ್ಲಿಯ ರೈತ ದಿನಾಚರಣೆಗಳಲ್ಲಿ ಅಧಿಕಾರಿಗಳ ಊಟ ಮುಗಿಯುವವರೆಗೆ ರೈತರು ಶಾಮಿಯಾನದ ಹೊರಗೆ ನಿಂತಿರುವುದನ್ನು ನಾನೇ ಕಂಡಿದ್ದೇನೆ. ಬನ್ನೂರಿನಲ್ಲಿ ಕಬ್ಬು ಬೆಳೆಯುವವನು ತಾನು ಇಟಲಿಯಲ್ಲಿ ಹುಟ್ಟಲಿಲ್ಲವಲ್ಲ ಎಂದು ಕೊರಗಲು ಇದೊಂದು ಕಾರಣ ಸಾಕು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಗಿರಿಜಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕುಡಿಯೋ ಜಾಗಕ್ಕೆ ನಿಮ್ಮನ್ನೇ ಯಾಕೆ ಕಳಿಸ್ತಾರೆ?" ಎಂದಳು. "ಕುಡಿಯದವನು ಅಂತಲೇ ಕಳಿಸೋದು. ಕುಡಿದವನು ಕಂಡದ್ದನ್ನ ಬರೀತಾನಾ?" ಎಂದೆ. "ನೋಡಿ ಬನ್ನಿ ಹಂಗಾದ್ರೆ. ನೋಡೋದಷ್ಟೇ." ಆಕೆ ಹಾಗೆ ಹೇಳಲು ಕಾರಣವಿತ್ತು. ನಮ್ಮದು ಮಠದ ಭಕ್ತರ ಮನೆತನ. ಮಠದವರು ತಿಂಗಳ ಕೊನೆಯಲ್ಲಿ ಏರ್ಪಡಿಸಿದ್ದ ದುಶ್ಚಟ ಮುಕ್ತಿ ಶಿಬಿರದ ಆಹ್ವಾನ ಪತ್ರಿಕೆ ಅದಾಗಲೇ ಅಚ್ಚಾಗಿ ಬಂದಿತ್ತು. ಸ್ವಾಗತ ಭಾಷಣದ ಮುಂದೆ ನನ್ನ ಹೆಸರಿತ್ತು. ಪತ್ರಕರ್ತರನ್ನು ಇಂಥ ಕಡೆ ಹಾಕಿದರೆ ಮರುದಿನ ಸುದ್ದಿ ತಪ್ಪುವುದಿಲ್ಲ ಎಂಬುದು ಮಠದವರಿಗೂ ಗೊತ್ತು, ನನಗೂ ಗೊತ್ತು. ಆದರೂ ಹೆಸರು ಅಚ್ಚಾದ ಮೇಲೆ ಮನುಷ್ಯ ಸ್ವಲ್ಪ ನೆಟ್ಟಗೆ ನಡೆಯುತ್ತಾನೆ. ನಾನೂ ನೆಟ್ಟಗೆ ನಡೆದು ಐದೂವರೆಗೆ ರೆಸಾರ್ಟ್ ತಲುಪಿದೆ.

ಹೊಳೆಯತ್ತ ಮುಖ ಮಾಡಿ ಒಂದು ಉದ್ದನೆಯ ಮೇಜು ಹಾಕಿದ್ದರು. ಹದಿನಾಲ್ಕು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ನಾಲ್ಕು ಗ್ಲಾಸು. ಎಲ್ಲಕ್ಕೂ ಉದ್ದ ಕತ್ತು, ದಪ್ಪ ಹೊಟ್ಟೆ. ಗ್ಲಾಸುಗಳನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದ ಕಪ್ಪು ಕೋಟಿನ ಹೆಂಗಸು ನನ್ನನ್ನು ಕಂಡು, "ಓ, ಪೇಪರ್ ಸಾರು ಬಂದ್ರು. ಸಂದಾಕಿದ್ದೀರಾ ಸಾ?" ಎಂದಳು. ನಮ್ಮ ತಾಲ್ಲೂಕಿನ ಹೆಡತಲೆ ಗ್ರಾಮದ ಸುಜಾತಾ. ಕೋಟಿನ ದೆಸೆಯಿಂದ ಗುರುತು ಹತ್ತಲು ನನಗೆ ಎರಡು ಕ್ಷಣ ಬೇಕಾಯಿತು.

ಸುಜಾತಾಳನ್ನು ನಾನು ಮೊದಲು ಕಂಡದ್ದು ಅವರ ಊರಿನ ಹಾಲಿನ ಡೇರಿಯಲ್ಲಿ. ಅಲ್ಲಿ ಆಕೆ ಹಾಲು ಪರೀಕ್ಷೆ ಮಾಡುತ್ತಿದ್ದಳು. ಯಂತ್ರಕ್ಕೆ ಮುಂಚೆ ಮೂಗು. ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಬಗ್ಗಿದರೆ ಸಾಕು, ಯಾರ ಮನೆಯ ಹಸು ಬೇವು ಮೇದಿದೆ, ಯಾರು ರಾತ್ರಿಯ ಪಾತ್ರೆ ತೊಳೆಯದೆ ಬೆಳಿಗ್ಗೆ ಅದಕ್ಕೇ ಹಿಂಡಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. "ರಾಜಮ್ಮಕ್ಕ, ನಿನ್ನೆ ಸಂಜೆ ಹಾಲು ಬೆರೆಸಿದ್ಯಾ, ತಗೊಂಡೋಗು" ಎಂದರೆ ರಾಜಮ್ಮಕ್ಕ ಬೈಯುತ್ತಾ ತೆಗೆದುಕೊಂಡು ಹೋಗುತ್ತಿದ್ದಳು, ಯಾಕೆಂದರೆ ಬೆರೆಸಿದ್ದು ನಿಜ. ಆ ಮೂಗಿನ ಮೇಲೆ ನಾನೊಂದು ಸಣ್ಣ ಬರಹ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಆಕೆಯನ್ನು ಪರೀಕ್ಷೆಯಿಂದ ಬಿಡಿಸಿ ರಿಜಿಸ್ಟರ್ ಬರೆಯಲು ಕೂರಿಸಿದರು. ಕೆಲವು ಸದಸ್ಯರಿಗೆ ತಮ್ಮ ಹಾಲಿನ ಮೇಲೆ ಆಕೆಯ ಮುಖ ಬಗ್ಗುವುದು ಸರಿಬರಲಿಲ್ಲವಂತೆ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಕೆಯ ಮನೆ ಯಾವ ಬೀದಿಯಲ್ಲಿದೆ, ಗೋಡೆಯ ಮೇಲೆ ಯಾರ ಪಟವಿದೆ ಎಂದು ಗೊತ್ತಿದ್ದವರಿಗೆ ಕಾರಣ ಹೇಳುವ ಅಗತ್ಯವಿರಲಿಲ್ಲ. ನಾನು ಕಾರ್ಯದರ್ಶಿಯನ್ನು ವಿಚಾರಿಸಿದೆ. "ಅಂಗೇನಿಲ್ಲ ಸಾ, ಬರವಣಿಗೆ ಮುತ್ತಿನಂಗದೆ ಅಂತ ಬರವಣಿಗೆಗೆ ಆಕಿದೀವಿ" ಎಂದ. ಲಿಖಿತ ದೂರಿಲ್ಲ, ಆದ್ದರಿಂದ ಸುದ್ದಿಯಿಲ್ಲ. ದಾಖಲೆಯಲ್ಲಿಲ್ಲದ್ದನ್ನು ನಾವು ಬರೆಯುವುದಿಲ್ಲ. ಈ ನಿಯಮವನ್ನು ಆಗ ನಾನು ಗಿರಿಜಾಳಿಗೂ ವಿವರಿಸಿದೆ. ಆಕೆ ಒಗ್ಗರಣೆ ಹಾಕುತ್ತಿದ್ದಳು, ಕೇಳಿಸಿತೋ ಇಲ್ಲವೋ.

ಡೇರಿ ಬಿಟ್ಟು ರೆಸಾರ್ಟ್ ಸೇರಿದ ಸುಜಾತಾ ಮೊದಲ ವರ್ಷ ರೂಮುಗಳ ಹಾಸಿಗೆ ಬದಲಾಯಿಸಿದಳು, ಆಮೇಲೆ ಊಟದ ಹಾಲ್‌ಗೆ ಬಂದಳು. ಬೆಂಗಳೂರಿನಿಂದ ಬಂದ ತರಬೇತುದಾರನೊಬ್ಬ ಸಣ್ಣ ಸಣ್ಣ ಸೀಸೆಗಳಲ್ಲಿ ವಾಸನೆ ತುಂಬಿಸಿಕೊಂಡು ಬಂದು ಎಲ್ಲರಿಗೂ ಕಣ್ಣು ಕಟ್ಟಿ ಪರೀಕ್ಷೆ ಮಾಡಿದನಂತೆ. "ಎಲ್ಲಾನೂ ಏಳ್ದೆ ಸಾ. ಒಂದು ಮಾತ್ರ ಗೊತ್ತಾಗ್ನಿಲ್ಲ, ಅದೇನೋ ಅವ್ರ ದೇಸದ ಅಣ್ಣು, ಕಂಡಿದ್ರೆ ತಾನೆ" ಎಂದಳು. ಅಂದಿನಿಂದ ವೈನ್ ಬಾಟಲಿ ತೆರೆಯುವ ಕೆಲಸ ಆಕೆಗೆ ಬಂತು. ಹತ್ತಿರ ಬಂದು ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದಳು. ಇವತ್ತಿನ ಊಟ ಸುಸೂತ್ರವಾಗಿ ನಡೆದರೆ ಮ್ಯಾನೇಜರ್ ಆಕೆಯನ್ನು ಗುತ್ತಿಗೆಯಿಂದ ತೆಗೆದು ಕಾಯಂ ಮಾಡುವುದಾಗಿ, ವೈನ್ ವಿಭಾಗ ಪೂರ್ತಿ ವಹಿಸುವುದಾಗಿ ಹೇಳಿದ್ದಾರೆ. "ಫೋಟೊ ತೆಗೆದ್ರೆ ನಾನೂ ಒಸಿ ಕಾಣಂಗೆ ತೆಗೀರಿ ಸಾ. ನಮ್ಮ ಡೇರಿ ಸೆಕ್ರೆಟ್ರಿ ಪೇಪರ್ ತಪ್ದೆ ಓದ್ತಾನೆ." ಆಗಲಮ್ಮ ಎಂದೆ.

ಇಟಲಿಯ ಪಾವ್ಲೊ ಬಂದ. ಅರವತ್ತರ ಸುಮಾರಿನ ಆಳು, ಬಿರುಕು ಬಿಟ್ಟ ಬೆರಳು, ಉಗುರಿನ ಸಂದಿಯಲ್ಲಿ ಮಾಸದ ಕಪ್ಪು. ರೈತನೇ, ಸಂಶಯವಿಲ್ಲ. ಎರಡು ದಿನದ ಹಿಂದೆ ವಿಮಾನದಿಂದ ಇಳಿದವನಿಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಕೈಯಲ್ಲೊಂದು ಕರವಸ್ತ್ರ ಹಿಡಿದೇ ನಿಂತಿದ್ದ. ಆಲಿಕಲ್ಲು ಮಳೆ, ಕೂಲಿಗೆ ಜನ ಸಿಗದಿರುವುದು, ಹಂದಿ ಕಾಟ, ಇವುಗಳ ಬಗ್ಗೆ ಇಂಗ್ಲಿಷಿನಲ್ಲಿ ತಡವರಿಸುತ್ತಾ ಮಾತಾಡಿದ. ಸೋಮನಾಥಪುರದ ಕಡೆಯ ಯಾವನೇ ಬೇಸಾಯಗಾರ ಪಕ್ಕದಲ್ಲಿದ್ದಿದ್ದರೆ ಭಾಷೆ ಬಾರದಿದ್ದರೂ ತಲೆ ಆಡಿಸುತ್ತಿದ್ದ. ಪಕ್ಕದಲ್ಲಿದ್ದದ್ದು ಆ ವೈನನ್ನು ಬೆಂಗಳೂರಿಗೆ ತರಿಸಿ ಮಾರುವ, ನೀಟಾಗಿ ಗಡ್ಡ ಕತ್ತರಿಸಿಕೊಂಡ ಆಮದುದಾರ. ಪಾವ್ಲೊ ಹಂದಿಯ ಬಗ್ಗೆ ಹೇಳಿದ್ದನ್ನು ಆತ ಪ್ರಕೃತಿಯೊಂದಿಗಿನ ಸಂವಾದ ಎಂದು ಅತಿಥಿಗಳಿಗೆ ವಿವರಿಸಿದ.

ನನ್ನ ಉದ್ದೇಶ ನೋಡುವುದಷ್ಟೇ ಆಗಿತ್ತು ಎಂಬುದನ್ನು ಮತ್ತೆ ಹೇಳುತ್ತೇನೆ. ಆದರೆ ಪಾವ್ಲೊ ಸ್ವತಃ ಬಾಟಲಿ ಹಿಡಿದು ಒಬ್ಬೊಬ್ಬರ ಪಕ್ಕ ಬಗ್ಗಿ ಬಡಿಸುತ್ತಾ ಬಂದ. ಬಡಿಸುವವನು ಪಕ್ಕದಲ್ಲಿ ಬಗ್ಗಿ ನಿಂತಾಗ ಬೇಡವೆನ್ನುವುದು ನಮ್ಮ ಕಡೆ ಅಷ್ಟು ಸುಲಭವಲ್ಲ. ಗ್ಲಾಸಿನ ಮೇಲೆ ಕೈ ಅಡ್ಡ ಹಿಡಿದೆ. ಅವನು ಅದನ್ನು ಯಾವುದೋ ಪ್ರಾರ್ಥನೆ ಎಂದುಕೊಂಡನೋ ಏನೋ, ಮುಗಿಯಲಿ ಎಂದು ಗೌರವದಿಂದ ಕಾಯುತ್ತಾ ನಿಂತ. ಕೈ ತೆಗೆಯಬೇಕಾಯಿತು. ಮೇಜಿನ ಮೇಲೆ ನಮ್ಮ ಅಜ್ಜನ ಕಾಲದ ಪೀಕದಾನಿಯಂಥ ಪಾತ್ರೆಗಳಿದ್ದವು. ರುಚಿ ನೋಡಿ ಅದಕ್ಕೆ ಉಗುಳಬಹುದು, ನುಂಗಬೇಕಾಗಿಲ್ಲ ಎಂದು ಮ್ಯಾನೇಜರ್ ಪ್ರವೀಣ್ ವಿವರಿಸಿದ. ಅದೇ ನನಗೆ ದಾರಿಯಾಗಿತ್ತು. ನಾಲಿಗೆಗೆ ತಾಗಿಸಿ ಉಗುಳಿದ್ದರೆ ವರದಿಯೂ ಆಗುತ್ತಿತ್ತು, ಶಿಬಿರಕ್ಕೂ ಧಕ್ಕೆಯಿರಲಿಲ್ಲ. ಆದರೆ ಒಬ್ಬ ಮನುಷ್ಯ ಬೆಳೆದು, ಹಿಂಡಿ, ವರ್ಷಗಟ್ಟಲೆ ಕಾಪಾಡಿ, ಸಮುದ್ರ ದಾಟಿ ತಂದು ಕೈಯಾರೆ ಬಡಿಸಿದ್ದನ್ನು ಅವನ ಕಣ್ಣೆದುರೇ ಉಗುಳುವುದು ನನ್ನಿಂದಾಗಲಿಲ್ಲ. ಮಠದ ದಾಸೋಹದಲ್ಲಿ ಎಲೆಯ ಮೇಲೆ ಒಂದು ಅಗುಳು ಬಿಟ್ಟರೂ ಮೊಣಕೈಗೆ ಚಿವುಟಿಸಿಕೊಂಡು ಬೆಳೆದವನು ನಾನು. ನುಂಗಿದೆ.

ನಮ್ಮವರಿಗೆ ಎಲೆ ಬಿಡಬಾರದು ಎಂಬುದಕ್ಕಿಂತ ದೊಡ್ಡ ನಿಯಮವೊಂದಿದೆ. ಉಣ್ಣುವ ಅನ್ನಕ್ಕೆ ಹೆಸರಿಡಬಾರದು. ಪಂಕ್ತಿಯಲ್ಲಿ ಕೂತವನನ್ನು ಮನೆಯ ಯಜಮಾನ ಹೇಗಿದೆ ಎಂದು ಕೇಳಿದರೆ ಉತ್ತರ ಒಂದೇ. ಚೆನ್ನಾಗಿದೆ. ನಮ್ಮ ದಾಯಾದಿಯೊಬ್ಬರ ಮಗಳ ಮದುವೆಯಲ್ಲಿ ಪಾಯಸಕ್ಕೆ ಸಕ್ಕರೆಯ ಬದಲು ಪುಡಿ ಉಪ್ಪು ಬಿದ್ದಿತ್ತು. ಮೊದಲ ಪಂಕ್ತಿಯಲ್ಲಿ ನಾನಿದ್ದೆ. ಬಾಯಿಗಿಟ್ಟವರೆಲ್ಲ ಪಕ್ಕದವರ ಮುಖ ನೋಡಿದೆವು. ಹುಡುಗಿಯ ತಂದೆ ಕೈಮುಗಿದುಕೊಂಡು ಬಂದು "ಪಾಯಸ ಎಂಗಿದೆ?" ಎಂದರು. ಚೆನ್ನಾಗಿದೆ ಎಂದೆವು. "ಇನ್ನೊಂದು ಸೌಟು ಆಕಪ್ಪ ಇವ್ರಿಗೆ" ಎಂದರು. ಹಾಕಿದರು. ಎರಡನೆಯ ಪಂಕ್ತಿಯವರೂ ಉಂಡು ಎದ್ದರು, ಅವರೂ ಚೆನ್ನಾಗಿದೆ ಎಂದರು. ಮೂರನೆಯ ಪಂಕ್ತಿಯ ಹೊತ್ತಿಗೆ ಅಡುಗೆಯವನೇ ಹಸಿವಾಗಿ ಒಂದು ಲೋಟ ಕುಡಿದದ್ದರಿಂದ ಸಂಗತಿ ಬಯಲಾಯಿತು. ಅಷ್ಟರಲ್ಲಿ ಇನ್ನೂರು ಮುನ್ನೂರು ಜನ ಆ ಉಪ್ಪನ್ನು ಹೊಗಳಿ ಎಲೆ ಮಡಿಸಿದ್ದರು. ಈ ಪ್ರಸಂಗವನ್ನು ನಾವು ನಗುತ್ತಾ ಹೇಳುತ್ತೇವೆ, ಒಳಗೊಳಗೆ ನಮ್ಮ ಸಂಸ್ಕಾರಕ್ಕೆ ಸಾಕ್ಷಿ ಎಂದೇ ತಿಳಿದಿದ್ದೇವೆ.

ಮೊದಲನೆಯ ವೈನ್ ನೇರಳೆಹಣ್ಣು ತಿಂದಂತೆ ಬಾಯಿಯನ್ನು ಒಗರಾಗಿಸಿತು. ಎರಡನೆಯದು ಬಾರ್ಬೇರಾ ಎಂಬ ದ್ರಾಕ್ಷಿಯದಂತೆ, ಹುಳಿ, ಹಳೆ ಹುಣಸೆಹಣ್ಣಿಗೆ ಹತ್ತಿರ. ಅದರ ಜೊತೆ ಎಲ್ಲರಿಗೂ ಬನ್ನೂರು ಕುರಿಯ ಮಾಂಸ, ನನಗೊಬ್ಬನಿಗೆ ಪನೀರು. ಮೂರನೆಯದು ನೆಬ್ಬಿಯೋಲೊ ಎಂಬ ಇನ್ನೊಂದು ದ್ರಾಕ್ಷಿಯದು. ಬಾಳೆಕಾಯಿಯ ಸೊನೆ ತಾಗಿದ ಹಾಗೆ ನಾಲಿಗೆ ಬಿಗಿಯಿತು. ಇದರಲ್ಲಿ ಗುಲಾಬಿ ಮತ್ತು ಡಾಂಬರಿನ ಪರಿಮಳವಿದೆ ಎಂದು ಆಮದುದಾರ ಹೇಳಿದ. ನಂಜನಗೂಡಿನಿಂದ ನರಸೀಪುರದವರೆಗೆ ಬಂದ ರಸ್ತೆಯಲ್ಲಿ ನನಗೆ ಡಾಂಬರು ಕಂಡಿರಲಿಲ್ಲ. ಗ್ಲಾಸಿಗಾದರೂ ಬಂತಲ್ಲ ಎಂದುಕೊಂಡು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಪ್ರತಿ ಬಾಟಲಿಯನ್ನೂ ಸುಜಾತಾ ತೆರೆದು, ಬಿರಡೆ ಮೂಸಿ, ಒಂದು ಗುಟುಕು ಬಿಟ್ಟುಕೊಂಡು ಮೂಸಿ, ಆಮೇಲೆ ಪಾವ್ಲೊನ ಕೈಗೆ ಕೊಡುತ್ತಿದ್ದಳು. ಡೇರಿಯಲ್ಲಿ ಬಗ್ಗುತ್ತಿದ್ದ ಹಾಗೆಯೇ ಬಗ್ಗುತ್ತಿದ್ದಳು. ಫೋಟೊ ತೆಗೆದೆ. ಚೆನ್ನಾಗಿ ಬಂತು.

ನಾಲ್ಕನೆಯದು ಆ ಸಂಜೆಯ ದೇವರು. ಹದಿನೈದು ವರ್ಷ ಹಳೆಯದು, ಎರಡು ಬಾಟಲಿಯಷ್ಟು ಹಿಡಿಯುವ ಒಂದೇ ಒಂದು ದೊಡ್ಡ ಬಾಟಲಿ. ಪಾವ್ಲೊ ಅದನ್ನು ತನ್ನ ಬಟ್ಟೆಗಳ ನಡುವೆ ಸುತ್ತಿ ತಂದಿದ್ದನಂತೆ. ಸುಜಾತಾ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಗ್ಲಾಸಿಗೆ ಸ್ವಲ್ಪ ಬಿಟ್ಟು ಮೂಸಿ ಪ್ರವೀಣನ ಹತ್ತಿರ ಹೋದಳು. ನಾನು ಮೇಜಿನ ತುದಿಯಲ್ಲಿದ್ದುದರಿಂದ ಮಾತು ಕೇಳಿಸಿತು.

"ಸರ್, ಇದ ಕೊಡ್ಬ್ಯಾಡಿ ಸರ್. ಬಿರಡೆ ಕೆಟ್ಟದೆ."

"ಏನಾಗಿದೆ?"

"ಗೋಣಿಚೀಲದ ವಾಸ್ನೆ ಸರ್. ಮಳೇಲಿ ನೆಂದು ಮೂಲೇಲಿ ಬಿದ್ದಿರ್ತದಲ್ಲ, ಅಂತಾದ್ದು."

"ಸುಜಾತಾ, ಇದು ಹದಿನೈದು ವರ್ಷದ ವೈನು."

"ಹಳೇದಾದ್ರೆ ಹಳೇ ವಾಸ್ನೆ ಬತ್ತದೆ ಸರ್. ಇದು ಹಳೇದಾಗಿರದಲ್ಲ, ಕೆಟ್ಟಿರದು. ಟ್ರೈನಿಂಗ್‌ನಲ್ಲಿ ಇದನ್ನೂ ತೋರ್ಸಿದ್ರು."

ಪ್ರವೀಣ್ ಗ್ಲಾಸನ್ನು ಪಾವ್ಲೊನ ಮುಂದೆ ಹಿಡಿದ. ಪಾವ್ಲೊ ಮೂಸಿದ, ಸೀನಿದ, ಮತ್ತೆ ಮೂಸಿದ. ತನ್ನ ಮೂಗು ಇವತ್ತು ಸತ್ತಿದೆ, ಏನೂ ತಿಳಿಯುತ್ತಿಲ್ಲ, ಬಿರಡೆ ಹೀಗೆ ಕೆಡುವುದುಂಟು, ಈಕೆ ಹೇಳುತ್ತಾಳೆಂದರೆ ಬೇರೆ ಯಾರಾದರೂ ನೋಡಲಿ ಎಂದ. ಆಮದುದಾರನ ಮುಖ ಬಿಗಿಯಿತು. ಗ್ಲಾಸನ್ನು ಗಿರಗಿರ ತಿರುಗಿಸಿ, ಕಣ್ಣು ಮುಚ್ಚಿ, "ಇದು ಕಾಡಿನ ನೆಲದ ಪರಿಮಳ. ಇದಕ್ಕಾಗಿ ಜನ ಹದಿನೈದು ವರ್ಷ ಕಾಯುತ್ತಾರೆ" ಎಂದು ಘೋಷಿಸಿದ. ಅಲ್ಲಿಗೆ ಎಲ್ಲರಿಗೂ ದಾರಿ ಸಿಕ್ಕಿತು, ಗ್ಲಾಸು ಕೈಯಿಂದ ಕೈಗೆ ದಾಟಿತು. ಮೈಸೂರಿನ ಉದ್ಯಮಿಯೊಬ್ಬರಿಗೆ ಕಾಡು ಬಂತು, ಅವರ ಶ್ರೀಮತಿಗೆ ಅಣಬೆ ಬಂತು, ಕನ್ನಡಕ ಹಾಕಿದ ಒಬ್ಬರಿಗೆ ಹಳೆಯ ಗ್ರಂಥಾಲಯ ಬಂತು. ಗೋಣಿಚೀಲ ಯಾರಿಗೂ ಬರಲಿಲ್ಲ. ಗೋಣಿಚೀಲ ಹೊತ್ತವರು, ಅದರ ಮೇಲೆ ಮಲಗಿದವರು ಆ ಮೇಜಿನಲ್ಲಿ ಇರಲಿಲ್ಲ.

ಒಬ್ಬನಿದ್ದ. ಸುಜಾತಾ ನನ್ನತ್ತ ಕೈ ತೋರಿಸಿದಳು. "ಈ ಸಾರ್‌ನ ಕೇಳಿ ಸರ್. ನಂಜನಗೂಡಲ್ಲಿ ಇವ್ರ ತಂದೇರು ಭತ್ತದ ಮಂಡಿ ಮಡಗಿದ್ರು. ಇವ್ರ್ಗೆ ಗೊತ್ತಾಯ್ತದೆ. ಪೇಪರ್‌ನೋರು, ಸುಳ್ಳು ಏಳಾಕಿಲ್ಲ."

"ಅದೇ ಸರಿ" ಎಂದ ಪ್ರವೀಣ್. "ಸಾರ್ ಯಾವ ಕಡೆಯವರೂ ಅಲ್ಲ. ಸಾರ್, ನೋಡಿ ಹೇಳಿ."

ಹದಿಮೂರು ಮುಖ ನನ್ನತ್ತ ತಿರುಗಿದವು. ಗ್ಲಾಸನ್ನು ಮೂಗಿನ ಹತ್ತಿರ ತಂದೆ. ತರುವುದಕ್ಕೂ ಮುಂಚೆಯೇ ಬಂತು. ಆಷಾಢದಲ್ಲಿ ನಮ್ಮ ಮಂಡಿಯ ಹಿಂದಿನ ಗೋಡೆ ಸೋರಿ, ಅದಕ್ಕೊರಗಿಸಿದ್ದ ಖಾಲಿ ಚೀಲಗಳ ಅಟ್ಟಿ ನೆನೆದು, ಅಪ್ಪ ಅದನ್ನು ಬಿಸಿಲಿಗೆ ಹಾಕಲು ಬಿಸಿಲೇ ಬಾರದೆ ಬೈದುಕೊಳ್ಳುತ್ತಿದ್ದ ಆ ವಾಸನೆ. ಶಾಲೆ ತಪ್ಪಿಸಿ ಅದೇ ಅಟ್ಟಿಯ ಮೇಲೆ ನಾನು ಮಲಗುತ್ತಿದ್ದೆ. ಒಂದು ಗುಟುಕು ಕುಡಿದೆ. ಬಾಯಿಯಲ್ಲೂ ಅದೇ. ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ಇಷ್ಟು ಖಚಿತವಾದ ಮಾಹಿತಿ ನನಗೆ ಯಾವ ಮೂಲದಿಂದಲೂ ಸಿಕ್ಕಿರಲಿಲ್ಲ. ಪ್ರವೀಣ್ ಸ್ವಲ್ಪ ಬಗ್ಗಿ, ಮದುವೆ ಮನೆಯ ಯಜಮಾನನ ಹಾಗೆ ಎರಡೂ ಕೈ ಸೇರಿಸಿಕೊಂಡು, "ಹೇಗಿದೆ ಸಾರ್?" ಎಂದ.

"ಚೆನ್ನಾಗಿದೆ" ಎಂದೆ.

ಹೆದರಿಕೆಯಿಂದ ಹಾಗೆಂದೆ ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಹೆದರಿಕೆಗೆ ಒಂದು ಮರ್ಯಾದೆಯಿದೆ. ಆದರೆ ಹೆದರಲು ಅಲ್ಲೇನೂ ಇರಲಿಲ್ಲ. ಅದು ಯೋಚನೆಗೂ ಕಾಯದೆ ತಾನಾಗಿ ಬಂತು, ಆಕಳಿಕೆ ಬರುವ ಹಾಗೆ. ಹೇಳಿದ ಮೇಲೆ ತಿದ್ದಿಕೊಳ್ಳಲು ಅರ್ಧ ನಿಮಿಷವಾದರೂ ಇತ್ತು. ಆಮದುದಾರ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು, ಅರ್ಧ ನಿಮಿಷ ಮುಗಿಯಿತು. ಪ್ರವೀಣ್ ಸುಜಾತಾಳ ಕಡೆ ನೋಡದೆ "ಸರ್ವ್ ಮಾಡಮ್ಮ" ಎಂದ. ಆಕೆ ಆ ದೊಡ್ಡ ಬಾಟಲಿಯನ್ನು ಹದಿನಾಲ್ಕು ಜನಕ್ಕೂ ಒಂದೇ ಮಟ್ಟಕ್ಕೆ, ಒಂದು ಹನಿ ಚೆಲ್ಲದೆ ಬಡಿಸಿದಳು. ಪಾವ್ಲೊ ತನ್ನ ಗ್ಲಾಸನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದ್ದನ್ನು ಕಂಡೆ. ಆದರೆ ಅವನೂ ಅತಿಥಿಯಾಗಿ ಬಂದವನು, ಬಾಯಿಬಿಡಲಿಲ್ಲ. ನನ್ನ ಬಳಿಗೆ ಬಂದಾಗ ಸುಜಾತಾ, "ಇನ್ನೊಸಿ ಬುಡ್ಲಾ ಸಾ?" ಎಂದಳು. ಬೇಡ ಎಂದು ಕೈ ಅಡ್ಡ ಹಿಡಿದೆ. ಆಗ ಬೇಡವೆನ್ನುವುದು ಸುಲಭವಾಗಿತ್ತು.

ಏಲಕ್ಕಿ ಅಗಿಯುತ್ತಾ ಮನೆಗೆ ಬಂದು ಎಂಟು ಸಾಲು ಬರೆದು ಕಳಿಸಿದೆ. ನಾಲ್ಕು ಬಗೆಯ ವೈನ್‌ಗಳನ್ನು ಸವಿದ ಅತಿಥಿಗಳು ಮೆಚ್ಚುಗೆ ವ್ಯಕ್ತಪಡಿಸಿದರು ಎಂಬುದು ಕೊನೆಯ ಸಾಲು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ಪರಿಶೀಲಿಸಬಹುದು. ಫೋಟೊವನ್ನು ಜಾಗದ ಕೊರತೆಯಿಂದ ಡೆಸ್ಕ್‌ನವರು ಕತ್ತರಿಸಿದ್ದರು. ಪಾವ್ಲೊ, ಆಮದುದಾರ, ಬಾಟಲಿ ಉಳಿದಿದ್ದರು. ಬಾಟಲಿ ಹಿಡಿದ ಕೈ ಮಣಿಕಟ್ಟಿನವರೆಗೆ ಇತ್ತು. ಏನು ಕುಡಿದಿರಿ ಎಂದು ಗಿರಿಜಾ ಕೇಳಿದ್ದಕ್ಕೆ ನಿಂಬೆ ಸೋಡಾ ಎಂದೆ. ಇದು ಮಾತ್ರ ಸುಳ್ಳು, ಆದರೆ ಅಚ್ಚಾಗಲಿಲ್ಲ.

ಹತ್ತು ದಿನದ ಮೇಲೆ ಸುಜಾತಾ ಫೋನ್ ಮಾಡಿದಳು. "ನನ್ನ ಲಾಂಡ್ರಿಗೆ ಆಕವ್ರೆ ಸಾ. ತಿಂಗ್ಳ ಕೊನೆಗೆ ಗುತ್ತಿಗೆ ಮುಗೀತದೆ, ಮುಂದುಕ್ಕೆ ಬ್ಯಾಡ ಅಂದವ್ರೆ. ಗೆಸ್ಟ್‌ಗಳ ಮುಂದೆ ಓಟ್ಲು ಮಾನ ಕಳೆದ್ಲು ಅಂತ ಬೆಂಗ್ಳೂರು ಆಫೀಸ್‌ನೋರು ಬರ್ದವ್ರೆ."

ಪ್ರವೀಣ್ ಏನಂತಾರೆ ಎಂದು ಕೇಳಿದೆ.

"ಆವಯ್ಯ ಕೆಟ್ಟೋನಲ್ಲ ಸಾ. ಆ ಪೇಪರ್‌ನೋರು ಒಂದು ಸಾಲು ಬರ್ದು ಸೈನ್ ಆಕ್ಕೊಟ್ರೆ ಬೆಂಗ್ಳೂರು ಆಫೀಸ್‌ಗೆ ಕಳಿಸ್ತೀನಿ, ಉಳ್ಕೊಂಡ್ರೂ ಉಳ್ಕೊಬೋದು ಅಂದ್ರು. ಒಂದೇ ಸಾಲು ಸಾ. ಕುಡ್ದೆ, ವಾಸ್ನೆ ಇತ್ತು. ಅಷ್ಟೇಯ."

"ಕುಡ್ದೆ ಅಂತಾನೂ ಬರೀಬೇಕಾ?"

"ಕುಡೀದೆ ಎಂಗ್ ಗೊತ್ತಾಯ್ತದೆ ಸಾ?"

ವಾಸನೆ ನನಗೆ ಬಂದಿತ್ತೆಂದು ನಿನಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಆದರೂ ಆಕೆ ಹೇಳಿದಳು. "ನಿಮ್ ಮೂಗು ನೋಡ್ದೆ ಸಾ. ಡೇರೀಲಿ ಕೆಟ್ಟ ಹಾಲು ತಂದೋರ ಮೂಗು ಮೊದ್ಲೇ ಅಂಗೆ ಮುದುರ್ತದೆ. ನಂಗೆ ಬೇಜಾರಿಲ್ಲ. ಏನೋ ಊಟಕ್ಕೆ ಕುಂತಿದ್ರಿ, ಮರ್ವಾದೆಗೆ ಅಂದ್ರಿ. ಈಗ ಬರ್ಕೊಡಿ, ಸಾಕು." ಬರೆದುಕೊಡುತ್ತೇನೆ ಎಂದೆ. ಶುಕ್ರವಾರ ಬೆಳಿಗ್ಗೆ ನಂಜನಗೂಡು ಬಸ್ ನಿಲ್ದಾಣಕ್ಕೆ ಬರುತ್ತೇನೆ ಎಂದಳು. ಶಿಬಿರ ಭಾನುವಾರ.

ಗುರುವಾರ ಕೂತೆ. ತಿಂಗಳಿಗೆ ನಲವತ್ತು ಸುದ್ದಿ ಬರೆಯುವವನಿಗೆ ಒಂದು ಸಾಲು ಯಾವ ಲೆಕ್ಕ. ಮೊದಲು ಬರೆದದ್ದು ಹೀಗಿತ್ತು: ನಾನು ಆ ವೈನ್ ಕುಡಿದೆ, ಅದರಲ್ಲಿ ಗೋಣಿಚೀಲದ ವಾಸನೆಯಿತ್ತು. ಓದಿದೆ. ಮೊದಲ ನಾಲ್ಕು ಪದಗಳು ಕಣ್ಣಿಗೆ ಚುಚ್ಚಿದವು. ಈ ಕಾಗದ ಪ್ರವೀಣನ ಮೇಜಿನಿಂದ ಯಾರ ಫೋನಿಗೆ ಹೋಗುತ್ತದೋ, ಫೋನಿನಿಂದ ಮಠದ ಯಾವ ಗುಂಪಿಗೆ ಬರುತ್ತದೋ. ಎದುರಿಗೆ ಆಹ್ವಾನ ಪತ್ರಿಕೆ ಬೇರೆ ಇತ್ತು. 'ಕುಡಿದೆ' ತೆಗೆದು 'ಸವಿದೆ' ಎಂದು ಹಾಕಿದೆ, ಅದು ಇನ್ನೂ ಕೆಟ್ಟದಾಗಿ ಕಂಡಿತು. ಹೀಗೇ ತಿದ್ದುತ್ತಾ ಹೋದ ಹಾಗೆ ಸಾಲು ಉದ್ದವಾಯಿತು, ನಾನು ಸಣ್ಣಗಾದೆ, ಕೊನೆಗೆ ಕಾಣದಾದೆ. ಅಂತಿಮ ಪ್ರತಿ ಇದು: "ಇತ್ತೀಚೆಗೆ ಟಿ. ನರಸೀಪುರ ಸಮೀಪದ ರೆಸಾರ್ಟ್‌ನಲ್ಲಿ ನಡೆದ ಭೋಜನ ಕಾರ್ಯಕ್ರಮದಲ್ಲಿ ಬಡಿಸಲಾದ ಪಾನೀಯವೊಂದರಲ್ಲಿ ಅಹಿತಕರ ವಾಸನೆ ಇತ್ತೆಂದು ಕೆಲವು ಅತಿಥಿಗಳು ಅಭಿಪ್ರಾಯಪಟ್ಟಿದ್ದಾರೆ." ಯಾವ ನ್ಯಾಯಾಲಯದಲ್ಲೂ ನಿಲ್ಲುವಂಥ ವಾಕ್ಯ. ಸಹಿ ಹಾಕಿ ಲಕೋಟೆಗೆ ಸೇರಿಸಿ ನಿದ್ದೆ ಮಾಡಿದೆ. ನಿದ್ದೆ ಬಂತು ಎಂಬುದನ್ನೂ ಹೇಳಬೇಕು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸುಜಾತಾ ಲಕೋಟೆ ಒಡೆದು ಎರಡು ಸಲ ಓದಿದಳು. ತುಟಿ ಅಲುಗಿಸದೆ ಓದುವ ಅಭ್ಯಾಸ ಆಕೆಗೆ.

"ಕೆಲವು ಅತಿಥಿಗಳು ಅಂದ್ರೆ ಯಾರ್ಯಾರು ಸಾ?"

"ಅಂದ್ರೆ, ನಾನೇ."

"ನೀವೊಬ್ರೇ ತಾನೆ?"

"ಹೌದು."

"ಅಂಗಾದ್ರೆ ಅಂಗೇ ಬರೀಬೋದಿತ್ತಲ್ವಾ." ಕೋಪವಿರಲಿಲ್ಲ. ಹಾಲು ವಾಪಸ್ ಕೊಡುವ ದನಿ. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕಡೆ ಚಾಚಿದಳು. "ಇದ ತಗೊಂಡೋದ್ರೆ ಆ ಕೆಲವು ಅತಿಥಿಗಳ್ನ ಕರ್ಕೊಂಬಾ ಅಂತಾರೆ. ನಾನೆಲ್ಲಿಂದ ತರ್ಲಿ ಸಾ."

ಕೊಡು, ಇಲ್ಲೇ ತಿದ್ದಿಕೊಡುತ್ತೇನೆ ಎಂದೆ. ಜೇಬಿನಿಂದ ಪೆನ್ನು ತೆಗೆದೆ. ಬೆಂಚಿನ ಮೇಲೆ ಕಾಗದ ಹರಡಿದೆ. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದವರು ನಮ್ಮ ಮಠದ ಕಡೆಯವರ ಹಾಗೆ ಕಂಡರು. ಹಣೆಯ ವಿಭೂತಿ ನೋಡಿ ಹಾಗೆನಿಸಿತು, ಖಚಿತವಿಲ್ಲ. ಅಷ್ಟರಲ್ಲಿ ಹೆಡತಲೆ ಕಡೆಯ ಬಸ್ಸು ಬಂತು. ಸುಜಾತಾ ಎದ್ದು ಬಾಗಿಲ ಬಳಿ ಹೋಗಿ, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲಿಟ್ಟು ನಿಂತಳು. "ಅತ್ತಮ್ಮ, ಅತ್ತು, ಜನ ಕಾಯ್ತಾವ್ರೆ" ಎಂದ ಕಂಡಕ್ಟರ್. ಆಕೆ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಆ ಇನ್ನೊಂದು ಕಾಲನ್ನೂ ಮೇಲಿಟ್ಟಳು.

ಉಳಿದದ್ದು ಸಂಕ್ಷಿಪ್ತ. ಭಾನುವಾರದ ಶಿಬಿರ ಯಶಸ್ವಿಯಾಯಿತು, ನನ್ನ ಸ್ವಾಗತ ಭಾಷಣ ಐದು ನಿಮಿಷದಲ್ಲಿ ಮುಗಿಯಿತು. ತಿಂಗಳ ಕೊನೆಗೆ ಸುಜಾತಾಳ ಗುತ್ತಿಗೆಯೂ ಮುಗಿಯಿತು. ಆ ಒಂದು ಸಾಲನ್ನು ಸಹಿ ಹಾಕಿ ಕೊಡಲಾರದವನು ಇಷ್ಟುದ್ದ ಇಲ್ಲಿ ಹೇಗೆ ಬರೆದೆ ಎಂದು ಯಾರಾದರೂ ಕೇಳಬಹುದು. ಇಂಥ ಪುಟಗಳಲ್ಲಿ ಬಂದದ್ದನ್ನು ನಗುವುದಕ್ಕೆಂದು ಓದುತ್ತಾರೆ, ಯಾರೂ ಸಾಕ್ಷಿ ಎಂದು ಎತ್ತಿಡುವುದಿಲ್ಲ. ಬಸ್ ನಿಲ್ದಾಣದ ಘಟನೆಯ ಬಗ್ಗೆ ಮಾತ್ರ ನನ್ನ ಪರವಾಗಿ ಹೇಳಬಹುದಾದ ಒಂದು ಅಂಶವಿದೆ, ನಿಷ್ಪಕ್ಷಪಾತದ ದೃಷ್ಟಿಯಿಂದ ಅದನ್ನೂ ದಾಖಲಿಸುತ್ತೇನೆ. ಬಸ್ಸು ಹೊರಟಾಗ ನನ್ನ ಪೆನ್ನಿನ ಮುಚ್ಚಳ ತೆಗೆದೇ ಇತ್ತು.